ಭಾನುವಾರ ನಿಂತ ಬೇಲಿ

ಕಡಲಂಚಿನ ಊರು ಕಾಮಸ್‌ಬೇಗಿನ ಕುರಿಗಳು ಮರ್ಡೋ ಮ್ಯಾಕ್ಯಾಸ್ಕಿಲ್ ಹಾಕಿದ ಬೇಲಿಯ ಹತ್ತಿರ ಸುಳಿಯುವುದಕ್ಕೇ ಹೆದರುತ್ತಿದ್ದವಂತೆ. ಹೀಗೆಂದು ಊರಿನಲ್ಲಿ ಬೇರೆ ಯಾರೂ ಹೇಳುತ್ತಿರಲಿಲ್ಲ, ಮರ್ಡೋನೇ ಹೇಳಿಕೊಳ್ಳುತ್ತಿದ್ದ. ಆದರೆ ಅಲ್ಲವೆಂದು ವಾದಿಸಿದವರೂ ಇರಲಿಲ್ಲ.

ಮೂವತ್ತೆಂಟು ವರ್ಷ ಆ ಕಡಲ ದಂಡೆಯುದ್ದಕ್ಕೂ ಅವನು ಕಂಬ ನೆಟ್ಟಿದ್ದ, ತಂತಿ ಎಳೆದಿದ್ದ. ಹತ್ತು ಕಂಬ ಆಯಿತೆಂದರೆ ಹಿಂದಕ್ಕೆ ಹೋಗಿ, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಸಾಲಿನ ಗುಂಟ ನೋಡುವನು. ಯಾವುದಾದರೂ ಅರ್ಧ ಬೆರಳು ಆಚೀಚೆ ಇದ್ದರೆ ಕಿತ್ತು ಮತ್ತೆ ನೆಡುವನು. ಅವನ ಹೆಂಡತಿ ಪೆಗಿ ಮಾಡಿಟ್ಟ ಅಡುಗೆ ದಿನವೂ ಆರಿಹೋಗುತ್ತಿದ್ದದ್ದು ಈ ಅರ್ಧ ಬೆರಳಿನಿಂದ. ಅವನು ಒಂಟಿಯಾಗಿ ಹಾಕಿದ ಮೊದಲ ಬೇಲಿಯೆಂದರೆ ಕಡಲಂಚಿನಿಂದ ಗುಡ್ಡದ ತಲೆಯವರೆಗೆ ಹೋಗುವ ಒಂದೂವರೆ ಮೈಲಿಯದು. ಶಾಲೆಯ ಚಾವಣಿಯನ್ನೇ ಎತ್ತಿಕೊಂಡು ಹೋದ ಬಿರುಗಾಳಿಗೂ ಅದರ ಒಂದು ಕೊಕ್ಕೆಮೊಳೆ ಸಡಿಲವಾಗಿರಲಿಲ್ಲ. ಮದುವೆ ಮನೆಗೆ ಹೋಗುವಾಗಲೂ ಮರ್ಡೋ ಸ್ವಲ್ಪ ಸುತ್ತುಬಳಸಿ ಆ ಬೇಲಿಯ ಪಕ್ಕದಿಂದಲೇ ಹೋಗುತ್ತಿದ್ದ.

ಅರವತ್ತನಾಲ್ಕಕ್ಕೆ ಭುಜ ಕೈಕೊಟ್ಟಿತು, ಕೆಲಸ ಬಿಟ್ಟ. ಬಿಟ್ಟವನು ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಪೆಗಿಯ ಕಪಾಟಿನ ಡಬ್ಬಿಗಳನ್ನು ಒಂದೇ ಸಾಲಿಗೆ ತರತೊಡಗಿದ.

ಅದೇ ವರ್ಷ ಗುಡ್ಡವನ್ನು ಒಂದು ಸಂಸ್ಥೆ ಕೊಂಡುಕೊಂಡಿತು. ಅಲ್ಲಿ ಇನ್ನು ಕುರಿ ಮೇಯುವಂತಿಲ್ಲ, ನೆಲವನ್ನು ಮತ್ತೆ ಕಾಡಿಗೆ ಬಿಟ್ಟುಕೊಡಬೇಕು ಎಂಬುದು ಅವರ ಉದ್ದೇಶ. ಪಟ್ಟಣದ ನಾಲ್ಕೈದು ಮಂದಿಯನ್ನು ವಾರಾಂತ್ಯಕ್ಕೆ ಕರೆತಂದು, ಗುಡಾರದಲ್ಲಿ ಮಲಗಿಸಿ, ಸಸಿ ನೆಡಿಸುವ ಕಾರ್ಯಕ್ರಮವೂ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಕಟ್ರೀನಾ ಎಂಬ ಚುರುಕು ಹುಡುಗಿ. ಮೇ ತಿಂಗಳಲ್ಲಿ ಮೊದಲ ತಂಡ ಬರುವುದಕ್ಕೆ ನಾಲ್ಕು ದಿನ ಇರುವಾಗ, ಎಡಿನ್‌ಬರೋದಿಂದ ಗೊತ್ತುಮಾಡಿಕೊಂಡಿದ್ದ ಮಾರ್ಗದರ್ಶಕ ದೋಣಿಯಿಂದ ಇಳಿಯುವಾಗ ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡ. ಕಟ್ರೀನಾ ನೇರ ಮರ್ಡೋನ ಮನೆಗೆ ಬಂದಳು.

"ಈ ಗುಡ್ಡದ ಒಂದೊಂದು ಕಲ್ಲೂ ನಿಮಗೆ ಗೊತ್ತಂತೆ."

"ಗೊತ್ತು. ಅರ್ಧಕ್ಕರ್ಧ ಕಲ್ಲು ನನ್ನ ಹಾರೆಗೇ ಸಿಕ್ಕಿದ್ದು."

"ಎರಡೇ ದಿನ. ಬಂದವರನ್ನ ಕರ್ಕೊಂಡು ಹೋಗಿ, ಕೆಲಸ ತೋರಿಸಿ, ನೋಡ್ಕೊಂಡ್ರೆ ಸಾಕು."

ಮರ್ಡೋ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪೆಗಿ ಕೂಗಿದಳು: "ಬರ್ತಾನೆ ಬರ್ತಾನೆ! ಬೇಕಿದ್ರೆ ಇವತ್ತೇ ಕರ್ಕೊಂಡು ಹೋಗಮ್ಮಾ."

ಅಡುಗೆಯ ಹೊಣೆ ಪೆಗಿಗೇ ಬಂತು. ಕೆಲಸ ಏನೆಂದು ಮರ್ಡೋ ಕೇಳಿದ್ದು ಆಮೇಲೆ. ಶನಿವಾರ ಬೆಳಗ್ಗೆ ಹಳೇ ಬೇಲಿ ಕೀಳುವುದು, ಮಧ್ಯಾಹ್ನ ಸಸಿ ನೆಡುವುದು ಎಂದಳು ಕಟ್ರೀನಾ. ಮಂಜಿನಲ್ಲಿ ತಗ್ಗಾಗಿ ಹಾರುವ ಕಾಡುಕೋಳಿಗಳು ತಂತಿಗೆ ಬಡಿದು ಸಾಯುತ್ತವೆ, ಕುರಿಯೇ ಇಲ್ಲದ ಮೇಲೆ ಬೇಲಿ ಯಾಕೆ?

"ಯಾವ ಬೇಲಿ?" ಅಂದ ಮರ್ಡೋ.

"ಕಡಲಿಂದ ಮೇಲಕ್ಕೆ ಹೋಗುತ್ತಲ್ಲ, ಆ ಉದ್ದದ್ದು."

ಮರ್ಡೋ ಎದ್ದು ಕಪಾಟಿನ ಡಬ್ಬಿಗಳನ್ನು ಮತ್ತೊಮ್ಮೆ ಸರಿಮಾಡಿದ.

ಶುಕ್ರವಾರ ಸಂಜೆ ನಾಲ್ವರು ಬಂದಿಳಿದರು. ಲೀಡ್ಸಿನ ಹಲ್ಲಿನ ಡಾಕ್ಟರು ನೈಜೆಲ್, ಲಂಡನ್ನಿನ ವಕೀಲೆ ಫಿಲಿಪಾ, ಮತ್ತೆ ಶಾಲೆ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಡಾಲ್‌ಗ್ಲೀಶ್ ದಂಪತಿ. ಹಣ ಕೊಟ್ಟು ದುಡಿಯಲು ಬಂದವರನ್ನು ಪೆಗಿ ಬಾಗಿಲ ಸಂದಿಯಿಂದ ಬಹಳ ಹೊತ್ತು ನೋಡಿದಳು. ನೋಡುವುದಕ್ಕೆ ಎಲ್ಲರೂ ಸರಿಯಾಗಿಯೇ ಇದ್ದರು.

ಫಿಲಿಪಾ ಅಡುಗೆಮನೆಗೆ ಬಂದು ಬಲು ವಿನಯದಿಂದ ಕೇಳಿದಳು: "ನಾವು ಕಡಲತೀರದಲ್ಲಿ ಸಿಗೋದನ್ನೇ ತಿನ್ನಬೇಕು ಅಂತ ಬಂದಿದ್ದೀವಿ. ಬಂಡೆಗೆ ಅಂಟಿರೋ ಚಿಪ್ಪು, ಕಡಲ ಪಾಚಿ... ಅಂಥದ್ದು ಏನಾದ್ರೂ?"

ಪೆಗಿ ಸೌಟು ಕೆಳಗಿಟ್ಟಳು. "ಬಂಡೆಚಿಪ್ಪು ನಮ್ಮಜ್ಜಿ ತಿಂದಿದ್ಲು ತಾಯೀ. ಆಲೂಗಡ್ಡೆ ಎಲ್ಲಾ ಕೊಳೆತುಹೋದ ವರ್ಷ. ಸಾಯೋ ತನಕ ಅದರ ಹೆಸರೆತ್ತಿದ್ರೆ ಅಳೋಳು. ಮನೆಗೆ ಬಂದೋರಿಗೆ ಅದನ್ನ ಬಡಿಸಿದ್ರೆ ಊರಲ್ಲಿ ತಲೆ ಎತ್ತಿ ತಿರುಗೋ ಹಾಗಿದ್ಯಾ ನಾನು?"

"ಪಾಚಿ?"

"ಪಾಚೀನ ಆಲೂಗಡ್ಡೆ ಹೊಲಕ್ಕೆ ಹಾಕ್ತೀವಿ. ಆಲೂಗಡ್ಡೆ ಅದನ್ನ ತಿನ್ನುತ್ತೆ. ನೀನು ಆಲೂಗಡ್ಡೆ ತಿನ್ನು."

ಉಳಿದ ಮೂವರು ಕೊಚ್ಚಿದ ಮಾಂಸ, ಆಲೂಗಡ್ಡೆ ತಿಂದರು. ಮೀನು, ಚಿಪ್ಪು ಬಿಟ್ಟರೆ ಬೇರೆ ಮಾಂಸ ಮುಟ್ಟದ ಫಿಲಿಪಾ ಆಲೂಗಡ್ಡೆಯನ್ನೇ ಮೂರು ಸಲ ಹಾಕಿಸಿಕೊಂಡಳು.

ಶನಿವಾರ ಬೆಳಗ್ಗೆ ಮಂಜು ಗುಡ್ಡದ ಸೊಂಟದವರೆಗೆ ಇಳಿದಿತ್ತು. ಕಟ್ರೀನಾ ಇನ್ನೂರು ಸಸಿಗಳ ತಟ್ಟೆಗಳನ್ನು ದಡದಲ್ಲಿ ಇಳಿಸಿ, ಭಾನುವಾರ ಬಂದು ಫೋಟೋ ತೆಗೆಯುತ್ತೇನೆಂದು ಹೇಳಿ ಊರಿಗೆ ಹೋಗಿದ್ದಳು. ಮರ್ಡೋ ನಾಲ್ವರನ್ನು ತನ್ನ ಬೇಲಿಯ ಹತ್ತಿರ ಕರೆತಂದು, ಹಾರೆ ಕೊಟ್ಟು, ಬಂಡೆಯ ಮೇಲೆ ಕುಳಿತ.

ಒಂದು ಗಂಟೆಯಾದರೂ ಕಂಬ ಅಲುಗಲಿಲ್ಲ. ಡಾಲ್‌ಗ್ಲೀಶ್ ಮೇಷ್ಟ್ರು ತೂಗಿ ನೋಡಿದರು, ಅವರ ಹೆಂಡತಿ ಒದ್ದು ನೋಡಿದರು. ಫಿಲಿಪಾ ಬುಡದಲ್ಲಿ ಅಗೆದರೆ ಕಲ್ಲಿನ ಕೆಳಗೆ ಇನ್ನೊಂದು ಕಲ್ಲು ಸಿಕ್ಕಿತು.

"ಯಾರ್ರೀ ಇದನ್ನ ಹುಗಿದೋರು?" ಎಂದು ಮೇಷ್ಟ್ರು ಬೆವರು ಒರೆಸಿಕೊಂಡರು.

"ಯಾರೋ ಹಳಬರು," ಎಂದ ಮರ್ಡೋ. ಅಷ್ಟು ಸುಖದ ಬೆಳಗು ಅವನಿಗೆ ಕೆಲಸ ಬಿಟ್ಟ ಮೇಲೆ ಸಿಕ್ಕಿರಲಿಲ್ಲ. ಚಹಾ ಬಗ್ಗಿಸಿಕೊಂಡ.

ಆಗ ನೈಜೆಲ್ ಎದ್ದ. "ಇಪ್ಪತ್ತಾರು ವರ್ಷ ದವಡೆ ಹಲ್ಲು ಕಿತ್ತಿದ್ದೀನಿ. ಎಳೀಬಾರದು. ಆಡಿಸ್ಬೇಕು," ಎಂದು ಕಂಬವನ್ನು ಎರಡು ಕೈಯಲ್ಲಿ ಹಿಡಿದು, ಮೆಲ್ಲಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಯಾರದೋ ಬಾಯಿಗೆ ನೋವಾದೀತೇನೋ ಎಂಬಂತೆ ಆಡಿಸತೊಡಗಿದ. ಹತ್ತು ನಿಮಿಷವಾಯಿತು. ಬುಡದಿಂದ ಕಿರ್ ಎಂಬ ಸದ್ದು ಬಂತು.

ಮರ್ಡೋ ದಡಬಡಿಸಿ ಎದ್ದ. ಚಹಾದ ಲೋಟ ಬಂಡೆಯ ಮೇಲೆ ಉರುಳಿತು.

"ಬೇಡ ಬೇಡ! ನಿಲ್ಲಿಸಿ!" ಎಂದು ಓಡಿಬಂದ. ನಾಲ್ವರೂ ಅವನ ಮುಖ ನೋಡಿದರು. ಏನಾದರೂ ಹೇಳಲೇಬೇಕಿತ್ತು. "ಇದು... ಇದು ಆ ಬೇಲಿ ಅಲ್ಲ. ಮಂಜಲ್ಲಿ ದಾರಿ ತಪ್ಪಿತು. ಕೀಳಬೇಕಾದ್ದು ಅಲ್ಲಿದೆ, ಆ ದಿಬ್ಬದ ಆಚೆ."

ದಿಬ್ಬದ ಆಚೆ ಇದ್ದದ್ದು ಪೆಗಿಯ ಅಣ್ಣ ಹೆಕ್ಟರನ ಬೇಲಿ. ಹೆಕ್ಟರ್ ಚರ್ಚಿನ ಹಿರಿಯ, ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಆದರೆ ಅವನ ಬೇಲಿ ಮಾತ್ರ ಕುಡುಕ ಮನೆಗೆ ಹೋದ ದಾರಿಯ ಹಾಗಿತ್ತು. ಆ ಸೊಟ್ಟ ಸಾಲು ಇಪ್ಪತ್ತು ವರ್ಷದಿಂದ ಮರ್ಡೋನ ಕಣ್ಣಿಗೆ ಬಿದ್ದ ಕಸವಾಗಿತ್ತು. ಅದರ ಆಚೆ, ಹೆಕ್ಟರನ ಸ್ವಂತ ನೆಲದಲ್ಲಿ, ಅವನ ಎಂಬತ್ತು ಕುರಿಗಳಿದ್ದವೆಂಬುದೂ ಮರ್ಡೋಗೆ ಗೊತ್ತಿತ್ತು. ಆದರೆ ಮಂಜಿನಲ್ಲಿ ಒಂದೂ ಕಾಣುತ್ತಿರಲಿಲ್ಲ. ಕಾಣದ ಕುರಿಯ ವಿಷಯವನ್ನು ಅವನು ಆ ಗಳಿಗೆಯಲ್ಲಿ ಯೋಚಿಸದೇ ಬಿಟ್ಟ.

ಆ ಬೇಲಿ ಬೀಳುವುದಕ್ಕೇ ಕಾದು ನಿಂತಿದ್ದಂತೆ ಬಿತ್ತು. ಮೊಳೆಗಳು ಬೆರಳಿಗೇ ಬಂದವು. ಮೇಷ್ಟ್ರ ಹೆಂಡತಿ ಒಬ್ಬರೇ ಏಳು ಕಂಬ ಕಿತ್ತರು. ತಂತಿಯನ್ನು ತುಂಡು ತುಂಡು ಕತ್ತರಿಸಿ ಸುತ್ತಿದರು. ಗಂಟೆಯೊಳಗೆ ಇಪ್ಪತ್ತು ಮಾರು ಬಯಲಾಯಿತು. ಫಿಲಿಪಾ ಕಣ್ಣಲ್ಲಿ ನೀರು ತಂದುಕೊಂಡು, "ಭೂಮಿ ಉಸಿರಾಡ್ತಿರೋದು ಕೇಳಿಸ್ತಿದೆ," ಎಂದಳು.

ಎಲ್ಲರೂ ಕಿವಿಗೊಟ್ಟರು. ಉಸಿರು ನಿಜಕ್ಕೂ ಕೇಳಿಸಿತು. ಆಮೇಲೆ ಒಂದು ಕೆಮ್ಮು. ಆಮೇಲೆ ಬ್ಯಾ ಎಂಬ ಕೂಗು.

ಮಂಜಿನೊಳಗಿಂದ ಮೊದಲು ಒಂದು ಮುದಿ ಕುರಿ ಬಂತು, ಬಯಲಾದ ಜಾಗವನ್ನು ಮೂಸಿತು, ಮರ್ಡೋನ ಮುಖ ನೋಡಿತು, ದಾಟಿತು. ಅದರ ಹಿಂದೆ ಉಳಿದ ಎಪ್ಪತ್ತೊಂಬತ್ತು, ಜೊತೆಗೆ ಮರಿಗಳು. ಎಲ್ಲವೂ ಮದುವೆ ಊಟಕ್ಕೆ ಹೊರಟಂತೆ ನೇರವಾಗಿ ದಡಕ್ಕೆ ಇಳಿದವು. ಸಸಿಗಳಿದ್ದದ್ದು ಅಲ್ಲೇ.

"ಅಡ್ಡ ಹಾಕಿ! ಅಡ್ಡ ಹಾಕಿ!" ಎಂದು ಮರ್ಡೋ ಕೂಗಿದ. ಫಿಲಿಪಾ ತೋಳು ಚಾಚಿ ನಿಂತು, "ದಯವಿಟ್ಟು ನಿಲ್ಲಿ," ಎಂದಳು. ಕುರಿಗಳು ಅವಳ ಎರಡೂ ಪಕ್ಕದಿಂದ ಹೋದವು. ಇವರು ಕೆಳಗೆ ತಲುಪುವ ಹೊತ್ತಿಗೆ ಇನ್ನೂರು ಸಸಿಯಲ್ಲಿ ಹನ್ನೊಂದು ಉಳಿದಿದ್ದವು. ಮೇಷ್ಟ್ರ ಗುಡಾರದೊಳಗೆ ಎರಡು ಮರಿ ಮಲಗಿ ಅವರ ಉಣ್ಣೆಯ ಕಾಲುಚೀಲ ಚೀಪುತ್ತಿದ್ದವು.

ನಾಯಿಯನ್ನು ಮುಂದೆ ಬಿಟ್ಟುಕೊಂಡು ಹೆಕ್ಟರ್ ಬಂದ. ಎತ್ತರದ ಆಳು, ಅವಸರದಲ್ಲಿ ಮಾತಾಡುವವನಲ್ಲ. ಬಯಲಾದ ಜಾಗ, ಸುತ್ತಿಟ್ಟ ತಂತಿ, ಕೊನೆಗೆ ಮರ್ಡೋ, ಹೀಗೆ ಒಂದೊಂದಾಗಿ ನೋಡಿದ.

"ಭಾವ..." ಎಂದ ಮರ್ಡೋ. ಹೆಕ್ಟರನನ್ನು ಅವನು ಭಾವ ಎಂದು ಕರೆಯುತ್ತಿದ್ದದ್ದು ಸಿಕ್ಕಿಬಿದ್ದಾಗ ಮಾತ್ರ. "ಮಂಜಿತ್ತು ಭಾವ."

"ಲೋ ಮರ್ಡೋ, ಕಣ್ಣು ಕಟ್ಟಿ ಬಿಟ್ಟರೂ ಯಾವ ಬೇಲಿ ಯಾರು ಹಾಕಿದ್ದು ಅಂತ ಕೈಯಲ್ಲಿ ಮುಟ್ಟಿ ಹೇಳೋನು ನೀನು. ಮಂಜಂತೆ ಮಂಜು!"

ಮರ್ಡೋ ತಲೆ ತಗ್ಗಿಸಿದ. ನಾಲ್ವರ ಎದುರಿಗೇ ಎಲ್ಲವನ್ನೂ ಒಪ್ಪಿಕೊಂಡ. ಆ ಗಟ್ಟಿ ಬೇಲಿ ತಾನೇ ಹಾಕಿದ್ದು, ಕಂಬ ಅಲುಗಿದಾಗ ತಡೆಯಲಾಗಲಿಲ್ಲ, ಬುದ್ಧಿ ಕೆಟ್ಟಿತು ಎಂದ. ನೈಜೆಲ್ ಅವನ ಬೆನ್ನು ತಟ್ಟಿ, "ಮೊದಲೇ ಹೇಳಿದ್ರೆ ಮರಗಟ್ಟೋ ಸೂಜಿ ಕೊಡ್ತಿದ್ದೆ," ಎಂದ. ಹೆಕ್ಟರ್ ನಗಲಿಲ್ಲ.

ಕುರಿಗಳನ್ನು ಒಟ್ಟುಮಾಡಿ ಆಚೆ ದಾಟಿಸುವುದರಲ್ಲಿ ಸಂಜೆಯಾಯಿತು. ಕತ್ತರಿಸಿದ ತಂತಿ ಕೆಲಸಕ್ಕೆ ಬರದು, ಅಂಗಡಿ ತೆರೆಯುವುದು ಸೋಮವಾರ. ಹಗ್ಗ ಕಟ್ಟಿ ಬಲೆ ಬಿಗಿಯೋಣ, ಬೆಳಗ್ಗೆಯೇ ಮಾಡುತ್ತೇನೆ ಎಂದ ಮರ್ಡೋ.

"ಭಾನುವಾರ ದೇವರ ದಿನ, ನನ್ನ ನೆಲದಲ್ಲಿ ಸುತ್ತಿಗೆ ಏಳೋ ಹಾಗಿಲ್ಲ," ಎಂದ ಹೆಕ್ಟರ್.

"ಸುತ್ತಿಗೆ ಬೇಡ. ಬರೀ ಗಂಟು."

"ಗಂಟು ಹಾಕೋದೂ ಕೆಲಸವೇ."

"ಮತ್ತೆ ಕುರಿ?"

"ರಾತ್ರಿ ನಾಯಿ ಕಾಯುತ್ತೆ. ಬೆಳಗ್ಗೆ ಅದು ನನ್ನ ಜೊತೆ ಚರ್ಚಿಗೆ ಬರಬೇಕು, ರೂಢಿ. ಆಗ..." ಎಂದು ಹೆಕ್ಟರ್ ಐವರನ್ನೂ ಎಣಿಸುವಂತೆ ನೋಡಿದ. "ನಿಲ್ಲೋದು ಕೆಲಸ ಅಲ್ಲ."

ಹೀಗೆ ಭಾನುವಾರ ಬೆಳಗ್ಗೆ ಹತ್ತೂವರೆಗೆ ಹಲ್ಲಿನ ಡಾಕ್ಟರು, ವಕೀಲೆ, ಮೇಷ್ಟ್ರು, ಅವರ ಹೆಂಡತಿ ಮತ್ತು ಕಪ್ಪು ಸೂಟು ತೊಟ್ಟ ಮರ್ಡೋ ಆ ಇಪ್ಪತ್ತು ಮಾರಿನ ಬಯಲಿನಲ್ಲಿ ಬೇಲಿಯಾಗಿ ನಿಂತರು. ಸಾಲು ನೆಟ್ಟಗಿರಲಿಲ್ಲ. ಮರ್ಡೋಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. "ನೈಜೆಲ್ ಅವರೇ, ಅರ್ಧ ಹೆಜ್ಜೆ ಹಿಂದೆ. ಅಷ್ಟಲ್ಲ. ಹಾಂ."

ಕೆಳಗಿನ ರಸ್ತೆಯಲ್ಲಿ ಊರಿಗೆ ಊರೇ ಚರ್ಚಿಗೆ ಹೋಗುತ್ತಿತ್ತು. ಭಾನುವಾರ ಜೋರಾಗಿ ನಗುವಂತಿಲ್ಲವಾದ್ದರಿಂದ ಎಲ್ಲರೂ ಕರವಸ್ತ್ರ ಬಾಯಿಗೆ ಹಿಡಿದು ಹೋದರು. ಪೆಗಿ ಮಾತ್ರ ಕರವಸ್ತ್ರ ತೆಗೆಯಲಿಲ್ಲ. ರಸ್ತೆಯಲ್ಲೇ ನಿಂತು ಹೇಳಿದಳು: "ಮೂವತ್ತೆಂಟು ವರ್ಷ ಬೇಲಿ ಹಾಕ್ದೆ, ಕೊನೆಗೆ ನೀನೇ ಬೇಲಿ ಆದೆ. ಕೋಟಿನ ಗುಂಡಿ ಹಾಕ್ಕೋ, ಥಂಡಿ."

ಉಪದೇಶ ಎರಡು ಗಂಟೆ ನಡೆಯಿತು. ಅವತ್ತು ಹೆಕ್ಟರನೇ ಪಾದ್ರಿಗೆ ಹೇಳಿ ಉದ್ದ ಮಾಡಿಸಿದನೆಂದು ಮರ್ಡೋಗೆ ಈಗಲೂ ಅನುಮಾನ. ತುಂತುರು ಬಿತ್ತು. ಕುರಿಗಳು ಹತ್ತು ಹೆಜ್ಜೆ ದೂರದಲ್ಲಿ ಕುಳಿತು ಇವರನ್ನೇ ನೋಡುತ್ತ ಮೆಲುಕು ಹಾಕಿದವು. ಮಂಜು ಸರಿದು, ಕೆಳಗೆ ಕಡಲು ತವರದ ಬಣ್ಣಕ್ಕೆ ತಿರುಗಿದಾಗ ಫಿಲಿಪಾ ಮೆಲ್ಲಗೆ, "ಇಷ್ಟು ಹೊತ್ತು ಏನೂ ಮಾಡದೆ ನಾನು ಹುಟ್ಟಿದ ಮೇಲೆ ನಿಂತಿರಲಿಲ್ಲ," ಎಂದಳು. ಮರ್ಡೋಗೂ ಹಾಗೇ ಅನ್ನಿಸಿತ್ತು.

ಅಷ್ಟರಲ್ಲಿ ಕಟ್ರೀನಾ ಕ್ಯಾಮೆರಾ ಹಿಡಿದು ಬಂದಳು. ದೂರದಿಂದಲೇ ಐವರ ಸಾಲು, ಹಿಂದೆ ಗುಡ್ಡ, ಎದುರಿಗೆ ಕುರಿ. ಯಾವುದೋ ಧ್ಯಾನವೆಂದುಕೊಂಡು, ತುದಿಗಾಲಲ್ಲಿ ನಡೆದು, ಹನ್ನೆರಡು ಫೋಟೋ ತೆಗೆದಳು. ಸಸಿಗಳ ವಿಷಯ ಗೊತ್ತಾದ ಮೇಲೆ ಅವಳು ಆಡಿದ ಮಾತುಗಳು ಭಾನುವಾರಕ್ಕೆ ಸಲ್ಲುವಂಥವಾಗಿರಲಿಲ್ಲ.

ಸೋಮವಾರ ನೈಜೆಲ್ ರೋಗಿಗಳಿಗೆ ಫೋನು ಮಾಡಿ ರಜೆ ಹೇಳಿ ಉಳಿದುಕೊಂಡ. ಅವನು, ಮರ್ಡೋ ಸೇರಿ ಹೆಕ್ಟರನ ಇಪ್ಪತ್ತು ಮಾರನ್ನು ದಾರ ಹಿಡಿದಂತೆ ಕಟ್ಟಿಕೊಟ್ಟರು. ಎರಡೂ ಕಡೆಯ ಸೊಟ್ಟ ಸಾಲಿನ ನಡುವೆ ಅದು ಕಟ್ಟಿಸಿಕೊಂಡ ಹಲ್ಲಿನ ಹಾಗೆ ಹೊಳೆಯಿತು. "ಬೇರೆ ಥರ ಕಾಣುತ್ತಲ್ಲೋ," ಎಂದು ಹೆಕ್ಟರ್ ಮೂಗು ಮುರಿದ.

ಕಟ್ರೀನಾ ಸಂಸ್ಥೆಯ ಜಾಲತಾಣದಲ್ಲಿ ಹಾಕಿದ ಫೋಟೋ ನೋಡಿ ಮುಂದಿನ ತಂಡದವರು ಮೊದಲು ಕೇಳಿದ್ದೇ, "ನಿಲ್ಲೋದು ಯಾವಾಗ?" ಎಂದು. ಹಾಗಾಗಿ ಸಂಸ್ಥೆಯವರು ಮರ್ಡೋನನ್ನು ಕೆಲಸದಿಂದ ಬಿಡಿಸುವಂತಿರಲಿಲ್ಲ. ಆದರೆ ಕಟ್ರೀನಾ ಒಂದು ಷರತ್ತು ಹಾಕಿದಳು: ಆ ಉದ್ದದ ಬೇಲಿ ಈ ಬೇಸಿಗೆ ಮುಗಿಯುವುದರೊಳಗೆ ಹೋಗಬೇಕು.

"ಹೊರಗಿನೋರ ಕೈ ಬೇಡ. ನಾನೇ ತೆಗೀತೀನಿ," ಎಂದ ಮರ್ಡೋ.

ಜೂನ್ ಪೂರ್ತಿ ಹಿಡಿಯಿತು. ಮೂರನೆಯ ದಿನ ಯಾರೂ ಕರೆಯದೆ ಹೆಕ್ಟರ್ ಟ್ರ್ಯಾಕ್ಟರು ತಂದು ಸರಪಳಿ ಎಸೆದ. ಇಬ್ಬರೂ ಕಂಬದ ಮೇಲೆ ಕಂಬ ಎಳೆದರು. ಗುಡ್ಡದ ತಲೆಯ ಮೂಲೆಗಂಬಕ್ಕೆ ಬಂದಾಗ ಟ್ರ್ಯಾಕ್ಟರಿನ ಮುಂದಿನ ಚಕ್ರಗಳೇ ನೆಲ ಬಿಟ್ಟು ಎದ್ದವು, ಕಂಬ ಅಲ್ಲಾಡಲಿಲ್ಲ. ಹೆಕ್ಟರ್ ಇಳಿದು ಬಂದು ಕಂಬವನ್ನು ಅಂಗೈಯಿಂದ ತಟ್ಟಿ ನೋಡಿದ.

"ಗಟ್ಟಿಯಾಗಿ ಹಾಕಿದ್ದೀಯ ಕಣೋ," ಎಂದ.

ಆ ಒಂದು ಕಂಬವನ್ನು ಇಬ್ಬರೂ ಅಲ್ಲೇ ಬಿಟ್ಟು ಬಂದರು. ಅದಕ್ಕೆ ತಂತಿಯಿಲ್ಲ, ಹಕ್ಕಿಗೇನೂ ತೊಂದರೆಯಿಲ್ಲ ಎಂದು ಕಟ್ರೀನಾಗೆ ಹೇಳಿದ್ದು ಹೆಕ್ಟರನೇ. ಹಿರಿಯರ ಮಾತು, ಅವಳು ಒಪ್ಪಿಕೊಂಡಳು. ಮರ್ಡೋ ಆ ರಾತ್ರಿ ಊಟಕ್ಕೆ ಕೂತಾಗ ಹೆಕ್ಟರ್ ಏನೆಂದನೆಂಬುದನ್ನು ಪೆಗಿಗೆ ನಾಲ್ಕು ಸಲ ಹೇಳಿದ. ನಾಲ್ಕನೆಯ ಸಲ ಅವಳು ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿ, "ತಿನ್ನು, ಇವತ್ತಾದ್ರೂ ಬಿಸಿಯಾಗಿದೆ," ಎಂದಳು.