ಖೈರುನ್‌ಬಿಯ ನಾಣ್ಯದ ಮೇಲಿನ ಕೈ

ದೆವ್ವ, ಗಾಳಿ, ಶಕುನ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಇತಿಹಾಸ ಕಲಿಸುವ ಮಾಸ್ತರ ನಾನು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ನಿಜ ಎನ್ನುತ್ತಿದ್ದೆ. ಈಗಲೂ ಹಾಗೆ ಹೇಳುತ್ತೇನೆ, ಮೊದಲಿನಷ್ಟು ಜೋರಾಗಿ ಅಲ್ಲ.

ಕೆಲವು ವರ್ಷಗಳ ಹಿಂದೆ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ನನಗೆ ಹಳೆಯ ನಾಣ್ಯಗಳ ಪರಿಚಯವಿದೆಯೆಂದು ಕೇಳಿ ಮನೆಗೆ ಕರೆದರು. ಅವರ ತಾಯಿ ಖೈರುನ್‌ಬಿಯವರ ಕೊರಳಲ್ಲಿ, ಕರಿದಾರಕ್ಕೆ ಪೋಣಿಸಿದ ಹಳೆಯ ಬಂಗಾರದ ನಾಣ್ಯವೊಂದಿತ್ತು. ಖೈರುನ್‌ಬಿಯ ತಾಯಿ, ಅಜ್ಜಿ ಎಲ್ಲರೂ ಹಾಕಿಕೊಂಡು ಸವೆಸಿದ್ದು. ಹಿಂದೆ ವ್ಯಾಪಾರದಲ್ಲಿ ಈ ಕಡೆ ಬಂದ ರೋಮನ್ನರ ನಾಣ್ಯವಾದರೆ ಉಳಿಸಿಕೊಳ್ಳುವುದು, ನಕಲಿಯಾದರೆ ಅಂದೇ ಬಬಲೇಶ್ವರದ ಅಕ್ಕಸಾಲಿಗರಲ್ಲಿ ಕರಗಿಸಿ ಮೊಮ್ಮಗಳ ಮದುವೆಗೆ ಝುಮಕಿ ಮಾಡಿಸುವುದು ಎಂದು ಮಗ ತೀರ್ಮಾನಿಸಿದ್ದರು. ಖೈರುನ್‌ಬಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.

ನಾಣ್ಯದ ಒಂದೇ ಅಂಚಿಗೆ ಅಕ್ಕಪಕ್ಕ ಎರಡು ತೂತುಗಳಿದ್ದವು. ನಾನು ಕಂಡ ಇಂಥ ನಾಣ್ಯಗಳಲ್ಲೆಲ್ಲ ತೂತು ದೊರೆಯ ತಲೆಯ ಮೇಲೇ ಇರುತ್ತಿತ್ತು. ಅದೇ ರೂಢಿಯಲ್ಲಿ ತೂತು ಮೇಲೆ ಮಾಡಿ ಹಿಡಿದು, ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದೆ. ಗಡ್ಡದಂಥದ್ದೇನೋ ಕಂಡಿತು. ಅಕ್ಷರಗಳಿಗೆ ತಲೆಬುಡವಿರಲಿಲ್ಲ. ಲಿಪಿ ಬಾರದವರು ಹೊಡೆದ ನಕಲು ಎಂದುಬಿಟ್ಟೆ. ಖೈರುನ್‌ಬಿ ನಾಣ್ಯವನ್ನು ಮಗನ ಕೈಗಿಟ್ಟು ಒಳಗೆ ಹೋದರು. ನನಗೆ ಬಹಳ ಕೆಡುಕೆನಿಸಿತು.

ವಿಜಯಪುರಕ್ಕೆ ಟಂಟಂ ಆಟೋ ಹತ್ತಿ, ತೊಡೆಯ ಮೇಲೆ ಆ ಕಾಗದ ಬಿಡಿಸಿದೆ. ಎದುರು ಸೀಟಿನ ಹೆಂಗಸು ಬಗ್ಗಿ ನೋಡಿದಳು.

"ಯಾರ್ರಿ ಈಕಿ? ಚೆಂದ ಅದಾಳಲ್ಲ. ತಲಿ ಮ್ಯಾಲಿನ ಕೈ ಯಾರದ್ರಿ?"

ಅವಳಿಗೆ ಕಂಡ ಹಾಗೆ ಕಾಗದ ತಲೆಕೆಳಗಾಗಿ ತಿರುಗಿಸಿದೆ. ನಾನು ಗಡ್ಡವೆಂದುಕೊಂಡದ್ದು ಮುಗಿಲಿನಿಂದಿಳಿದು ರಾಣಿಯ ತಲೆಗೆ ಮುಡಿಮಾಲೆ ಇಡುತ್ತಿರುವ ಕೈ! ರೋಮನ್ನರ ಕೊನೆಗಾಲದ ರಾಣಿಯರ ಅಪರೂಪದ ನಾಣ್ಯಗಳಿಗೆ ಅದೇ ಗುರುತು. ನಡುದಾರಿಯಲ್ಲೇ ಇಳಿದು, ಕರಗಿಸಬೇಡಿ ಎಂದು ಮಗನಿಗೆ ಫೋನ್ ಮಾಡಿದೆ. ಮಗ ಆಗಲೇ ಅಕ್ಕಸಾಲಿಗರ ಮುಂದೆ ಕೂತಿದ್ದರು. ಸದ್ಯ, ಒಲೆ ಇನ್ನೂ ಕಾದಿರಲಿಲ್ಲ.

ತಿಕೋಟಾಕ್ಕೆ ಮರಳಿ, ತೂತು ಕೆಳಗಡೆ ಯಾಕೆ ಎಂದು ಖೈರುನ್‌ಬಿಯವರನ್ನು ಕೇಳಿದೆ.

"ನೋಡಾವ್ರಿಗಲ್ರಿ ಮಾಸ್ತರ, ಹಾಕ್ಕೊಂಡಾಕಿಗೆ. ತಲಿ ಬಗ್ಗಿಸಿದ್ರ ಅಕಿ ಮಾರಿ ನನಗ ನೆಟ್ಟಗ ಕಾಣ್ತೈತಿ. ನೀವು ಕೇಳಲೇ ಇಲ್ಲ," ಎಂದು ನಕ್ಕರು.

"ಮತ್ತ ಆ ಕೈ, ಖಾಲಾ?"

"ಕೈ? ಯಾವ ಕೈರಿ?"

ನಾಣ್ಯ ಇಸಿದುಕೊಂಡು ಭೂತಗನ್ನಡಿಯಲ್ಲಿ ನೋಡಿದೆ. ಸವೆದ ಮುಖವಿತ್ತು, ಅಕ್ಷರಗಳು ನೆಟ್ಟಗೆ ಹಿಡಿದರೂ ಓದಲಾಗದಷ್ಟು ಸವೆದಿದ್ದವು. ತಲೆಯ ಮೇಲಿನ ಜಾಗ ಮಾತ್ರ ನುಣ್ಣಗೆ, ಬರಿದು. ಮತ್ತೆ ನಾಲ್ಕು ಸಲ ಅಚ್ಚು ತೆಗೆದೆ. ಕೈ ಬರಲೇ ಇಲ್ಲ. ಕೈ ಇಲ್ಲದೆ ಆ ಸವೆದ ಮುಖ ರಾಣಿಯದೆಂದು ಹೇಳಲು ಬೇರೆ ಆಧಾರವಿರಲಿಲ್ಲ.

"ಖರೇನ ರಾಣಿ ಏನ್ರಿ?" ಮಗ ಕೇಳಿದರು.

ಮೊದಲ ಕಾಗದ ತೋರಿಸಿ, ಹೌದು ಎಂದೆ. ಖೈರುನ್‌ಬಿ ದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಕಣ್ಣೊರೆಸಿಕೊಂಡರು.

ಈಗ ಅದು ಮೊಮ್ಮಗಳ ಕೊರಳಲ್ಲಿದೆ. ಕಾಗದ ನನ್ನ ಮೇಜಿನಲ್ಲಿದೆ. ಕೈ ಬೆರಳುಗಳ ಸಮೇತ ಸ್ಪಷ್ಟವಾಗಿದೆ. ಉಜ್ಜಿದವನು ನಾನೇ. ಆದರೆ ಕಾಗದ ಬಿಡಿಸಿದಾಗಲೆಲ್ಲ ಟಂಟಂನ ಆ ಹೆಂಗಸಿನ ಪ್ರಶ್ನೆಯನ್ನೇ ನಾನೂ ಕೇಳಿಕೊಳ್ಳುತ್ತೇನೆ: ತಲಿ ಮ್ಯಾಲಿನ ಕೈ ಯಾರದ್ರಿ?