ಸುಮ್ಮನೆ ಕೂರಿಸಿಟ್ಟ ಎಡಗೈ

ಆ ಭಾನುವಾರ ಮಧ್ಯಾಹ್ನ ಅವರೆಕಾಳು ಹಿತಕುತ್ತಾ ಕೂತಿದ್ದೆ. ಹಿಂದಿನ ದಿನವೇ ನೆನೆಹಾಕಿದ್ದ ಕಾಳು. ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಹಾರಿದ್ದರಲ್ಲಿ ಹತ್ತಕ್ಕೊಂದು ಪಾತ್ರೆ ಬಿಟ್ಟು ಮಂಚದ ಕೆಳಗೆ ಹೋಗುತ್ತದೆ, ಅದು ನನ್ನ ಕೈಗುಣ. ಆಗ ಬೇಲೂರಿನಿಂದ ನಮ್ಮ ಯಜಮಾನರ ಫೋನ್ ಬಂತು. ಮಗಳು ದಾಕ್ಷಾಯಿಣಿಯ ಸ್ನೂಕರ್ ಪಂದ್ಯವಿತ್ತು, ಬೆಳಗಿನ ಬಸ್ಸಿಗೇ ಅವಳ ಜೊತೆ ಹೋಗಿದ್ದರು.

"ಮುಗೀತು ಕಣೇ," ಅಂದರು. "ಕರೀ ಚೆಂಡು ಪಾಕೆಟ್ ಬಾಯಲ್ಲೇ ಕೂತಿತ್ತು. ಬಿಟ್ಟಳು."

ಸೋತಳಾ ಅಂತ ನಾನು ಕೇಳಲಿಲ್ಲ, ಊಟ ಮಾಡಿದಳಾ ಅಂತ ಕೇಳಿದೆ. ಮಾಡಿದಳಂತೆ. ಅಷ್ಟು ಕೊಟ್ಟೆಯಲ್ಲಪ್ಪಾ ಶಿವನೇ ಅಂದುಕೊಂಡೆ. ಅವರು, "ಬಿಳೀ ಚೆಂಡು ಬಲಗೈಗೆ ಎಟುಕೋ ಹಾಗಿರಲಿಲ್ಲ. ಎಡಗೈಯಲ್ಲಿ ಹೊಡೆದಿದ್ರೆ ಆಗೋದು. ಅದೇನು ಹಠವೋ ಅವಳದ್ದು, ಯಾವತ್ತೂ ಎಡಗೈ ಹಚ್ಚಲ್ಲ," ಅಂದು ಫೋನ್ ಇಟ್ಟರು.

ಅದು ಹಠವಲ್ಲ. ಅದೇನೆಂದು ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ. ಮೂರನೆಯವನು ಶಿವ. ಅವನು ಯಾರ ಹತ್ತಿರವೂ ಬಾಯಿ ಬಿಡುವವನಲ್ಲ.

ಅಡುಗೆಮನೆಯವಳಿಗೆ ಸ್ನೂಕರ್ ಏನು ಗೊತ್ತು ಅಂತ ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಗಂಡನೂ ಮಗಳೂ ಊಟಕ್ಕೆ ಕೂತು ಬರೀ ಅದನ್ನೇ ಮಾತಾಡುತ್ತಿದ್ದರೆ ಬಡಿಸುವವಳಿಗೂ ಒಂದಿಷ್ಟು ಬರುತ್ತದೆ. ನಮ್ಮ ನಡುಮನೆಯಷ್ಟು ದೊಡ್ಡ ಮೇಜು, ಅದಕ್ಕೆ ಹಸಿರು ಬಟ್ಟೆ, ಬಣ್ಣದ ಚೆಂಡುಗಳು. ಕೋಲಿನಿಂದ ಬಿಳಿ ಚೆಂಡಿಗೆ ಹೊಡೆದು ಮಿಕ್ಕವನ್ನು ಮೇಜಿನ ಅಂಚಿನ ತೂತುಗಳಿಗೆ, ಅಂದರೆ ಪಾಕೆಟ್ಟಿಗೆ, ಬೀಳಿಸಬೇಕು. ಬಲಗೈಯವರು ಎಡ ಅಂಗೈಯನ್ನು ಬಟ್ಟೆಯ ಮೇಲೆ ಊರಿ, ಹೆಬ್ಬೆರಳ ಸಂದಿನಲ್ಲಿ ಕೋಲು ಜಾರಿಸುತ್ತಾರೆ. ಎಷ್ಟು ಬಗ್ಗಿದರೂ ಒಂದು ಕಾಲಾದರೂ ನೆಲದ ಮೇಲಿರಬೇಕು. ಹಾಗಾಗಿ ಕೆಲವು ಚೆಂಡು ಬಲಗೈಗೆ ಎಟುಕುವುದಿಲ್ಲ. ಆಗ ಕೈ ಬದಲಾಯಿಸಿ ಎಡಗೈಯಲ್ಲಿ ಹೊಡೆಯಬೇಕು, ಇಲ್ಲವೇ ರೆಸ್ಟ್ ಅನ್ನುವ ಇನ್ನೊಂದು ಉದ್ದ ಕೋಲನ್ನು ಊರಿ ಅದರ ತುದಿಯ ಮೇಲೆ ಆಡುವ ಕೋಲನ್ನಿಟ್ಟು ಹೊಡೆಯಬೇಕು. ರೆಸ್ಟ್ ಇಟ್ಟರೆ ಸುಲಭದ ಚೆಂಡೂ ಕಷ್ಟದ್ದಾಗುತ್ತದಂತೆ.

ದಾಕ್ಷಿ ಹುಟ್ಟಾ ಎಡಗೈಯವಳು. ಗಿಲಕಿ ಕೊಟ್ಟರೆ ಎಡಗೈ, ತುತ್ತಿಗೆ ಎಡಗೈ, ಸ್ಲೇಟಿಗೆ ಎಡಗೈ. ನಮ್ಮದು ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆ, ಬಂದು ಹೋಗುವವರು ಜಾಸ್ತಿ, ಮಠದವರೂ ಬರುತ್ತಾರೆ. ಮೂರು ವರ್ಷದ ಮಗು ಎಡಗೈಯಲ್ಲಿ ತಾಂಬೂಲದ ತಟ್ಟೆ ಹಿಡಿದುಕೊಂಡು ಬಂದು ಅವರ ಮುಂದೆ ನಿಂತಾಗ ನಮ್ಮ ಅತ್ತೆಯವರ ಮುಖ ನೋಡಬೇಕಿತ್ತು. ಬೇವಿನ ಸೊಪ್ಪು ಅರೆದು ಕೈಗೆ ಹಚ್ಚು ಅಂದರು. ಸೆರಗಿನ ಚುಂಗಿನಲ್ಲಿ ಕಟ್ಟಿಹಾಕು ಅಂದರು. ಪಕ್ಕದ ಬೀದಿಯಲ್ಲಿ ಯಾರೋ ಸೌಟು ಬಿಸಿ ಮಾಡಿ ತೋರಿಸಿ ಬಿಡಿಸಿದರು ಅನ್ನುವುದೂ ಕಿವಿಗೆ ಬಿತ್ತು. ನನಗೆ ಯಾವುದೂ ಆಗಲಿಲ್ಲ. ಮಗುವನ್ನು ಹೊಡೆಯುವ ಧೈರ್ಯವೂ ಇರಲಿಲ್ಲ, ಅತ್ತೆಗೆ ಎದುರಾಡುವ ಧೈರ್ಯವೂ ಇರಲಿಲ್ಲ. ಎರಡೂ ಇಲ್ಲದವಳು ಉಪಾಯ ಹುಡುಕುತ್ತಾಳೆ.

ಆರನೇ ವರ್ಷಕ್ಕೆ ಅವಳಿಗೆ ಲಿಂಗದೀಕ್ಷೆ ಮಾಡಿಸಿದೆವು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಬಲಗೈಯಿಂದ ಪೂಜೆ ಮಾಡುತ್ತೇವೆ. ಮಠದ ಅಯ್ಯನವರು ಆ ಪುಟ್ಟ ಅಂಗೈ ಬಿಡಿಸಿ ಲಿಂಗ ಇಟ್ಟು, ಪೂಜೆ ಮುಗಿಯೋ ತನಕ ಈ ಕೈ ಅಲುಗಿಸಬಾರದು ಮಗಳೇ, ಇದೇ ಪೀಠ ಅಂದರು. ಅವರು ಹೇಳಿದ್ದು ಅಷ್ಟೇ. ಮಿಕ್ಕದ್ದನ್ನು ಸಂಜೆ ನಾನು ಸೇರಿಸಿದೆ.

"ಶಿವ ಕೂರೋ ಕೈ ಕಣೇ ಅದು," ಅಂದೆ. "ಪೀಠ ಎಲ್ಲಾದ್ರೂ ಎದ್ದು ಬಂದು ಕೆಲಸ ಮಾಡುತ್ತಾ? ಅದು ಸುಮ್ಮನೆ ಕೂತಿರಬೇಕು. ಉಣ್ಣೋದು, ಬರೆಯೋದು, ಕೊಡೋದು, ಎಲ್ಲ ಬಲಗೈದು."

ಅವಳು ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. "ಹಂಗಂತ ಶಿವ ಹೇಳಿದ್ದಾನಾ?" ಅಂದಳು.

"ಹೂಂ," ಅಂದೆ.

ಮರುದಿನದಿಂದ ಬಲಗೈಯಲ್ಲಿ ಬರೆಯಲು ಕೂತಳು. ಅಕ್ಷರಗಳು ಮಳೆಗೆ ಸಿಕ್ಕಿದ ಇರುವೆಯ ಸಾಲಿನ ಹಾಗೆ ಚೆಲ್ಲಾಪಿಲ್ಲಿ. ಆದರೂ ಬಿಡಲಿಲ್ಲ. ಅವಳದ್ದು ದಿನಕ್ಕೊಂದು ಪ್ರಶ್ನೆ, ನನ್ನದು ದಿನಕ್ಕೊಂದು ಕಾನೂನು. ಎಡಗೈಯಲ್ಲಿ ತೆಂಗಿನಕಾಯಿ ಹೋಳು ಹಿಡ್ಕೋಬಹುದಾ? ಹಿಡ್ಕೋಬಹುದು, ತುರಿಯಬಾರದು. ಕೆರ್ಕೋಬಹುದಾ? ಕೆರ್ಕೋ. ಬಚ್ಚಲಲ್ಲಿ ತೊಳ್ಕೊಳ್ಳೋದು? ಅದು ಬೇರೆ ಕಣೇ, ನೀರು ಹಾಕಿದರೆ ಶುದ್ಧ ಅಂದುಬಿಟ್ಟೆ. ಬೇವಿಲ್ಲದೆ ಬರೆಯಿಲ್ಲದೆ ಮಗುವಿನ ಕೈ ತಿರುಗಿಸಿದಳು ನೋಡಿ ಅಂತ ಅತ್ತೆಯವರು ಬಂದವರಿಗೆಲ್ಲ ಹೇಳಿಕೊಂಡರು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ ನನ್ನ ತವರು. ಅಲ್ಲಿ ನಮ್ಮತ್ತಿಗೆಗೆ, ಗುಟ್ಟು ಬಿಡದೆ, ನಾನೂ ಕೊಚ್ಚಿಕೊಂಡೆ.

ಅವಳು ಹೈಸ್ಕೂಲಿಗೆ ಬಂದ ವರ್ಷ ಬೇಸಿಗೆ ರಜೆಯಲ್ಲಿ ನಾನು ಅಮ್ಮನ ಕಾಲು ಮುರಿದಿದೆ ಅಂತ ತವರಿಗೆ ಹೋಗಿದ್ದೆ. ಅತ್ತೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು, ಹುಡುಗಿಯನ್ನು ಒಬ್ಬಳೇ ಬಿಡಲಾರದೆ ಇವರು ಸಂಜೆ ತಮ್ಮ ಕ್ಲಬ್ಬಿಗೆ ಕರೆದುಕೊಂಡು ಹೋದರು. ಅಲ್ಲಿ ಪಾಯಿಂಟು ಬರೆಯುವ ಮಾರ್ಕರ್ ಪುಟ್ಟಸ್ವಾಮಿ, ತಲೆ ನರೆತ ಮನುಷ್ಯ, ಅವಳ ಕೈಗೆ ಕೋಲು ಕೊಟ್ಟ. ನಾನು ವಾಪಸ್ಸು ಬಂದಾಗ ಅವಳು ಬಾಗಿಲಲ್ಲೇ ಹೇಳಿದ್ದು, "ಅಮ್ಮ, ಈ ಆಟದಲ್ಲೂ ಎಡಗೈ ಸುಮ್ಮನೆ ಕೂತಿರುತ್ತೆ."

ಎಂಥ ಸಂತೋಷವಾಯಿತು ನನಗೆ. ದೇವರೇ ಒಪ್ಪಿಗೆ ಕೊಟ್ಟ ಹಾಗೆ. ಅವಳ ಎಡಗೈ ಬಟ್ಟೆಯ ಮೇಲೆ ಊರಿದರೆ ಕಲ್ಲಿನ ಹಾಗೆ, ಕ್ಲಬ್ಬಿನಲ್ಲಿ ಯಾರದ್ದೂ ಹಾಗಿಲ್ಲ ಅಂತ ಪುಟ್ಟಸ್ವಾಮಿ ಹೇಳುತ್ತಿದ್ದನಂತೆ. ಇರದೆ ಏನು, ದಿನಾ ಬೆಳಿಗ್ಗೆ ಅರ್ಧ ಗಂಟೆ ಅಲುಗದೆ ಲಿಂಗ ಹಿಡಿದು ಪಳಗಿದ ಕೈ.

ಆದರೆ ಸುಲಭದ ಚೆಂಡು ಬಿಡುವ ಚಾಳಿ ಅವಳಿಗೆ ಮೊದಲಿನಿಂದಲೂ ಇದೆ. ಮೇಜಿನ ಆ ತುದಿಯಲ್ಲಿರುವುದನ್ನು ಬೀಳಿಸುತ್ತಾಳೆ, ಮೂಗಿನ ಕೆಳಗಿರುವುದನ್ನು ಬಿಡುತ್ತಾಳೆ. ಒಮ್ಮೆ ಪುಟ್ಟಸ್ವಾಮಿ ಮನೆಗೆ ಬಂದಾಗ ಕಾಫಿ ಕೊಡುತ್ತಾ ಕಾರಣ ಕೇಳಿದೆ. "ದೂರದ್ದಾದ್ರೆ ಮೈಯೆಲ್ಲ ಕಣ್ಣಾಗಿ ನಿಂತ್ಕತಾಳೆ ಕಣವ್ವ. ಹತ್ರದ್ದಾದ್ರೆ ಹೊಡಿಯೋಕ್ ಮುಂಚೆನೇ ತಲೆ ಎತ್ತಿ ಬಿತ್ತಾ ಅಂತ ನೋಡ್ತಾಳೆ," ಅಂದ. ಲೋಟ ಕೆಳಗಿಟ್ಟು, "ಇನ್ನೊಂದೈತೆ. ಆ ಎಡಗೈಲಿ ಜೀವ ಐತೆ. ಹಿಡ್ಕಂಡ್ ನೋಡವ್ವ ಅಂದ್ರೆ ಬ್ಯಾಡಣ್ಣ ಅಂತಾಳೆ. ಯಾಕ್ ಅಂತ ಹೇಳಾಕಿಲ್ಲ. ನೀವಾದ್ರೂ ಹೇಳಿ," ಅಂದ.

ಅಲ್ಲಿ ನಾನು ಬಾಯಿ ಬಿಡಬಹುದಿತ್ತು. ಮಗಳು ಪಕ್ಕದ ಕೋಣೆಯಲ್ಲೇ ಇದ್ದಳು. ನಗುತ್ತಲೇ, ಅಯ್ಯೋ ಅದು ನಾನು ಹೇಳಿದ ಕಥೆ ಕಣಪ್ಪ ಅಂದಿದ್ದರೆ ಒಂದು ನಿಮಿಷದ ಕೆಲಸ. ಸಕ್ಕರೆ ಸಾಕಾ ಅಂತ ಕೇಳಿದೆ. ಆಮೇಲೆ ಇವರೂ ಎರಡು ಸಲ ಕೇಳಿದರು, ನನಗೇನು ಗೊತ್ತು ಅಂದೆ. ಅತ್ತೆ ಮತ್ತು ಮಗು ಇಬ್ಬರನ್ನೂ ನೋಯಿಸದೆ ಆ ಕಷ್ಟದ ಕಾಲ ದಾಟಿಸಿದವಳು ನಾನು. ಸುಲಭದ್ದು ಎದುರಿಗೆ ಬಂದಾಗೆಲ್ಲ ಬಿಟ್ಟೆ. ಹೆದರಿಕೆ ಒಂದೇ. ಇದೊಂದು ನನ್ನ ಕಟ್ಟುಕಥೆ ಅಂತ ತಿಳಿದರೆ ಮಿಕ್ಕದ್ದನ್ನೆಲ್ಲ ಹುಡುಗಿ ಕಥೆ ಅಂತಲೇ ತಿಳಿದು ಲಿಂಗವನ್ನೇ ಕೈಬಿಟ್ಟರೆ?

ಬೇಲೂರಿನ ಆ ಪಂದ್ಯ ಸಾಮಾನ್ಯದ್ದಲ್ಲ. ಜಿಲ್ಲೆಯಿಂದ ಹೊರಗೆ ಆಡಲು ಒಬ್ಬ ಹುಡುಗಿಯನ್ನು ಆರಿಸುವುದಿತ್ತು. ದಾಕ್ಷಿಗೀಗ ಇಪ್ಪತ್ತಮೂರು, ಇಲ್ಲೇ ಒಂದು ಶಾಲೆಯಲ್ಲಿ ಟೀಚರ್. ಎರಡು ವರ್ಷದಿಂದ ಶಾಲೆ ಬಿಟ್ಟರೆ ಕ್ಲಬ್ಬು, ಕ್ಲಬ್ಬು ಬಿಟ್ಟರೆ ಶಾಲೆ. ಕೊನೆಗೆ ಕರಿ ಚೆಂಡೊಂದೇ ಉಳಿದು, ಅದನ್ನು ಹಾಕಿದವರು ಗೆದ್ದಂತೆ ಅನ್ನುವ ಹಂತಕ್ಕೆ ಬಂದಿತ್ತು. ರೆಸ್ಟ್ ತೆಗೆದುಕೊಂಡಳು, ತಪ್ಪಿತು, ಎದುರಿನವಳು ಹಾಕಿದಳು. ಅವತ್ತು ಸಂಜೆ ಮನೆಗೆ ಬಂದವಳು ಕೋಲಿನ ಚೀಲವನ್ನು ಬೀರುವಿನ ಮೇಲೆ, ಹಳೇ ಚಾಪೆಗಳ ಹಿಂದಕ್ಕೆ ತಳ್ಳಿದಳು. "ಸಾಕಮ್ಮ, ಇನ್ನು ಆಡಲ್ಲ. ಬಾಯಿಗೆ ಬಂದ ಚೆಂಡು ಹಾಕೋಕೆ ಬರಲ್ಲ ನನಗೆ," ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡು ದಿನ ಬಿಟ್ಟು ನಾನು ಮಠಕ್ಕೆ ಹೋದೆ. ಪಶ್ಚಾತ್ತಾಪಕ್ಕೆ ಹೋದೆ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಾನು ಹೋದದ್ದು ಜಾರಿಕೊಳ್ಳಲು. ಎಡಗೈ ಬಳಸಿದರೆ ಪರವಾಗಿಲ್ಲ ಮಗಳೇ ಅಂತ ಅಯ್ಯನವರ ಬಾಯಲ್ಲೇ ಹೇಳಿಸಿಬಿಟ್ಟರೆ ನನ್ನ ಮಾನವೂ ಉಳಿಯಿತು, ಅವಳ ಆಟವೂ ಉಳಿಯಿತು. ಅಯ್ಯನವರಿಗೆ ಈಗ ಕಣ್ಣು ಮಂಜು. ಎಲ್ಲ ಕೇಳಿ ನನ್ನ ಕಡೆ ತಿರುಗಿ, "ಹಂಗೊಂದು ನಿಯಮ ನಮ್ಮಲ್ಲಿ ಇಲ್ಲವಲ್ಲ ತಾಯಿ. ಇಲ್ಲದ್ದನ್ನ ನಾನು ಹ್ಯಾಗೆ ಸಡಿಲ ಮಾಡಲಿ? ಕಟ್ಟಿದವರು ನೀವು, ನೀವೇ ಬಿಚ್ಚಿ," ಅಂದರು.

ಆ ವಾರದ ಕೊನೆಗೆ ಅಣ್ಣನ ಮನೆಯಲ್ಲಿ ಮಗುವಿಗೆ ಹೆಸರಿಡುವುದಿತ್ತು. ನಾನೂ ದಾಕ್ಷಿಯೂ ಬಸ್ತಿಹಳ್ಳಿಗೆ ಹೋಗಿ ಬರುವಾಗ ಹಳೇಬೀಡಿನಲ್ಲಿ ಬಸ್ಸು ಹತ್ತಿದೆವು, ಪುಣ್ಯಕ್ಕೆ ಜೊತೆಯಲ್ಲಿ ಸೀಟು ಸಿಕ್ಕಿತು. ಮುಖ ನೋಡದೆ ಮಾತಾಡಲು ಬಸ್ಸಿನಂಥ ಜಾಗ ಬೇರೆ ಇಲ್ಲ. ಬಸ್ಸು ಕೆರೆ ಏರಿ ದಾಟಿತು. ಆಮೇಲೆ ಮುಂದಿನ ಸೀಟಿನ ಕಂಬಿ ನೋಡುತ್ತಾ ಹೇಳಿದೆ.

"ದಾಕ್ಷಿ, ಎಡಗೈ ಕೆಲಸ ಮಾಡಬಾರದು ಅಂದನಲ್ಲ ಶಿವ, ಅವನು ಅಂದಿಲ್ಲ ಕಣೇ. ನಾನೇ ಹೇಳಿದ್ದು. ನಿಮ್ಮಜ್ಜಿಗೆ ಹೆದರಿ ಹೇಳಿದ್ದು."

ಬಸ್ಸು ನಿಂತಿತು, ಜನ ಇಳಿದರು, ಸೌತೆಕಾಯಿಯ ಮೂಟೆ ಹತ್ತಿತು. ಜಾವಗಲ್ ಬಂದು ಹೋಯಿತು.

"ಹದಿನೇಳು ವರ್ಷ ಅಮ್ಮ," ಅಂದಳು. "ಇನ್ನೇನೇನು ನೀನೇ ಹೇಳಿದ್ದು?"

ಇದನ್ನು ನಾನು ಎಣಿಸಿರಲಿಲ್ಲ. ಇಲ್ಲ, ಅದೊಂದೇ ಅನ್ನಬಹುದಿತ್ತು. ಆದರೆ ಬಿಚ್ಚಲು ಕೂತ ಮೇಲೆ ಅರ್ಧಕ್ಕೆ ಬಿಡಬಾರದು. "ತಟ್ಟೇಲಿ ಅನ್ನ ಬಿಟ್ರೆ ಶಿವ ಬರ್ಕೊಳ್ತಾನೆ ಅಂದಿದ್ದು ನಾನೇ," ಅಂದೆ. "ಪೂಜೆ ತಪ್ಪಿಸಿದ್ರೆ ಪರೀಕ್ಷೇಲಿ ಮರೆತುಹೋಗುತ್ತೆ ಅಂದಿದ್ದೂ ನಾನೇ."

"ಪೂಜೆ?"

"ಅದು ನಂದಲ್ಲವ್ವ. ಅದು ನನಗೂ ಬೇರೆಯವರು ಕೊಟ್ಟಿದ್ದು."

ಅವಳು ಎಡ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು, ಆರು ವರ್ಷದವಳು ನೋಡಿದ ಹಾಗೇ. "ಕರೀ ಚೆಂಡಿಗೆ ರೆಸ್ಟ್ ಇಟ್ಟಾಗ ಈ ಕೈ ಬೇಡ್ಕೋತಿತ್ತು ಗೊತ್ತಾ," ಅಂದಳು. "ಒಂದೇ ಒಂದು ಸಲ ನನ್ನ ಬಿಡು ಅಂತ ಕೇಳ್ತಿತ್ತು. ನಾನು ಬೈದೆ ಅದಕ್ಕೆ." ತಪ್ಪಾಯಿತು ಅಂದೆ. ಹೆತ್ತ ಮಗಳಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವಳು ಪೂಜೆಗೆ ಕೂರಲಿಲ್ಲ. ಅದರ ಮರುದಿನವೂ ಇಲ್ಲ. ಸ್ನಾನ ಮಾಡಿ, ತಿಂಡಿ ತಿಂದು, ದೇವರ ಮನೆಯ ಮುಂದೆಯೇ ನಡೆದು ಶಾಲೆಗೆ ಹೋದಳು. ಲಿಂಗವಿರುವ ಬೆಳ್ಳಿಯ ಕರಡಿಗೆ ಎದೆಯ ಮೇಲೇ ಇದೆ, ತೆಗೆದಿಲ್ಲ. ಅದನ್ನೂ ಒಂದು ಒಳ್ಳೆಯದು ಅಂತ ಎಣಿಸಿಕೊಂಡೆ. ಹದಿನೇಳು ವರ್ಷ ದಿನಾ ಬೆಳಿಗ್ಗೆ ದಾಕ್ಷೀ, ಪೂಜೆಗೆ ಹೊತ್ತಾಯ್ತು ಅಂತ ಕೂಗಿದವಳು ನಾನು. ಈ ಸಲ ನಾಲಿಗೆ ಬಿಗಿಹಿಡಿದೆ. ಇವರು ಯಾಕೆ ಅಂತ ಕೇಳಿದಾಗ ಎಲ್ಲ ಹೇಳಿದೆ. ಬೈಯಲಿಲ್ಲ. "ನನಗೊಂದು ಮಾತು ಹೇಳಬಾರದಿತ್ತೇನೇ," ಅಂದು ಅಂಗಿ ಹಾಕಿಕೊಂಡು ಮಂಡಿಗೆ ಹೋದರು. ಬೈದಿದ್ದರೇ ವಾಸಿಯಿತ್ತು.

ನಾಲ್ಕನೇ ದಿನ ನೋಡಿದರೆ ಬೀರುವಿನ ಮೇಲಿನ ಚೀಲ ಇರಲಿಲ್ಲ. ಸಂಜೆ ಪುಟ್ಟಸ್ವಾಮಿ ಇವರ ಹತ್ತಿರ ಹೇಳಿದನಂತೆ: ಎಡಗೈಯಲ್ಲಿ ಹಿಡಿದಿದ್ದಾಳೆ, ಬಾಯಲ್ಲಿರೋ ಚೆಂಡು ಹತ್ತಕ್ಕೆ ಎಂಟು ಬಿಡ್ತಾಳೆ, ಆರು ವರ್ಷದ ಮಗು ಆಡ್ದಂಗೆ ಆಡ್ತಾಳೆ, ಸ್ವಾಮೇರೆ, ನಗ್ತಾ ಬ್ಯಾರೆ ಬಿಡ್ತಾಳೆ. ಇವರು ಇದನ್ನು ಹೇಳುವಾಗ ಅವಳೂ ಊಟಕ್ಕೆ ಕೂತಿದ್ದಳು. "ಎಂಟಲ್ಲ ಅಪ್ಪ, ಏಳು," ಅಂದಳು, ನನ್ನ ಕಡೆ ನೋಡದೆ. ಆದರೆ ಹುಳಿಗೆ ತಟ್ಟೆ ಚಾಚಿದ್ದು ನನ್ನ ಕಡೆಗೇ.

ಬಸ್ಸಿನಲ್ಲಿ ಹೇಳಿ ಇವತ್ತಿಗೆ ಮೂರು ವಾರ. ಮುಂದಿನ ವರ್ಷ ಅವಳನ್ನು ಆರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಹದಿನೇಳು ವರ್ಷ ಕೂರಿಸಿಟ್ಟ ಕೈ ಎದ್ದು ಓಡಾಡಲು ಎಷ್ಟು ದಿನ ಬೇಕೋ ಅದೂ ಗೊತ್ತಿಲ್ಲ. ಈ ಬೆಳಿಗ್ಗೆ ನಾನು ಬೇಳೆ ತೊಳೆಯುತ್ತಾ ನಿಂತಿದ್ದೆ. ಬಚ್ಚಲ ಬಾಗಿಲು ಸದ್ದಾಯಿತು, ಒದ್ದೆ ಕಾಲಿನ ಹೆಜ್ಜೆ ನಡುಮನೆ ದಾಟಿ ಹೋಗುತ್ತದೆ ಅಂದುಕೊಂಡೆ. ದಾಟಲಿಲ್ಲ. ಆಮೇಲೆ ಮಣೆ ಎಳೆದ ಸದ್ದು, ಬೆಳ್ಳಿಯ ಕರಡಿಗೆಯ ಮುಚ್ಚಳ ತೆಗೆದ ಸಣ್ಣ ಸದ್ದು.

ಲಿಂಗವನ್ನು ಯಾವ ಕೈ ಮೇಲೆ ಇಟ್ಟುಕೊಂಡಳು ಅಂತ ಇಣುಕಿ ನೋಡಲು ಮೈಯೆಲ್ಲ ತುಡಿಯಿತು. ತಿರುಗಲಿಲ್ಲ. ಬೇಳೆಗೆ ಎರಡು ನೀರಾಗಿತ್ತು, ಮೂರನೆಯ ನೀರು ಬಿಟ್ಟುಕೊಂಡು ಕೈ ಆಡಿಸತೊಡಗಿದೆ.