ನಾಲ್ಕು ಅಂಗಡಿಗೆ ಒಂದೇ ಪುಡಿ

ನನ್ನ ವಾರಗಿತ್ತಿ ಮಧುಗಿರಿಯಲ್ಲಿ ಮೊದಲು ಶುರು ಮಾಡಿದಾಗ ಅದನ್ನ ಅಂಗಡಿ ಅನ್ನೋ ಹಾಗೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಎದುರು ಒಂದು ತಳ್ಳುಗಾಡಿ, ಎರಡು ಕಾವಲಿ, ಒಂದು ದೊಡ್ಡ ಪಾತ್ರೆ, ಅಷ್ಟೆ. ಕಾಲೇಜು ಹುಡುಗಿಯರು ದಿನಾ ಮಧ್ಯಾಹ್ನ ಕರಿದ ಗೋಬಿ ತಿಂದು ಬಸ್ಸು ಹತ್ತೋದನ್ನ ನೋಡಿ ಅವಳಿಗೆ ಸಂಕಟ.

"ಅಷ್ಟೇ ಬೇಗ ಕೈಗೆ ಕೊಟ್ರೆ ರೊಟ್ಟೀನೂ ತಿಂತಾರೆ ಕಣಕ್ಕ" ಅಂದಳು.

"ಅಮ್ಮ ಮಾಡಿ ಕೊಟ್ರೆ ಮೂಗು ಮುರಿಯೋರು, ನಿನ್ನ ಹತ್ರ ಕಾಸು ಕೊಟ್ಟು ತಿಂತಾರಾ?" ಅಂದೆ ನಾನು.

ತಿಂದರು. ತೆಳ್ಳಗೆ ತಟ್ಟಿದ ರಾಗಿ ರೊಟ್ಟಿಯೊಳಗೆ ಸೊಪ್ಪಿನ ಪಲ್ಯ ಇಟ್ಟು, ಸುರುಳಿ ಸುತ್ತಿ, ಕಾಗದದಲ್ಲಿ ಕೊಡುತ್ತಿದ್ದಳು. ಜೊತೆಗೆ ಕುಡಿಯೋಕೆ ಒಂದು ಲೋಟ ಬಿಸಿ ಹುರುಳಿ ಸಾರು. ಡ್ರೈವರು ಎರಡು ಸಲ ಹಾರ್ನ್ ಹೊಡೆಯೋದರೊಳಗೆ ಕೈಗೆ ಬರಬೇಕು, ಅದು ಅವಳ ಲೆಕ್ಕ. ಸೋಡ ಇಲ್ಲ, ಬಣ್ಣ ಇಲ್ಲ, ಕಾದ ಎಣ್ಣೆಯನ್ನ ಮತ್ತೆ ಕಾಯಿಸೋದಿಲ್ಲ. ಸಕ್ಕರೆ ಕಾಯಿಲೆಯ ಕಂಡಕ್ಟರುಗಳು ಅವಳಿಗೆ ಖಾಯಂ ಗಿರಾಕಿಗಳಾದರು. ಗಾಡಿ ಹೋಗಿ ಮಳಿಗೆ ಬಂತು, ಆಮೇಲೆ ಕೊರಟಗೆರೆಯಲ್ಲೊಂದು, ಶಿರಾದಲ್ಲೊಂದು. ಶಿರಾದಲ್ಲಿ ಪಕ್ಕದ ಬಟ್ಟೆ ಅಂಗಡಿಯ ಸಾಬರು, "ಬಿರಿಯಾನಿ ಇಲ್ಲದೆ ಈ ಊರಲ್ಲಿ ಹೋಟೆಲಾ?" ಅಂತ ನಕ್ಕವರು, ತಿಂಗಳೊಳಗೆ ನವಣೆ ಉಪ್ಪಿಟ್ಟಿಗೆ ಡಬ್ಬಿ ಕಳಿಸುತ್ತಿದ್ದರು.

ಸಾರಿನ ಪುಡಿ ಮಾತ್ರ ನನ್ನದು. ಅದಕ್ಕೆ ಅವಳದೊಂದು ಕಟ್ಟುನಿಟ್ಟು. ಉಪ್ಪು, ಖಾರ, ಹುಳಿ ಎಲ್ಲ ಪುಡಿಯಲ್ಲೇ ಇರಬೇಕು, ಅಂಗಡಿಯಲ್ಲಿ ಯಾರೂ ಏನೂ ಸೇರಿಸೋ ಹಾಗಿಲ್ಲ. ಹಾಗಾದರೆ ಮಾತ್ರ ಎಲ್ಲ ಊರಲ್ಲೂ ಒಂದೇ ರುಚಿ. ನನ್ನದೂ ಒಂದು ಕಟ್ಟುನಿಟ್ಟಿತ್ತು. ಮಾಡಿದ್ದು ಏನೇ ಆಗಲಿ, ಬೆಳಗಿನ ಪೂಜೆಯಲ್ಲಿ ಶಿವನಿಗೆ ಎಡೆ ಇಡೋ ಮುಂಚೆ ನಾಲಿಗೆಗೆ ತಾಗಿಸೋದಿಲ್ಲ. ಅತ್ತೆ ಕಲಿಸಿದ್ದು. ಮೂವತ್ತು ವರ್ಷ ಘಮ ನೋಡಿ, ಬಣ್ಣ ನೋಡಿ ಅಡುಗೆ ಮಾಡಿದ್ದೀನಿ, ಉಪ್ಪು ತಪ್ಪಿದ್ದಿಲ್ಲ. ಅದು ನನ್ನ ಹೆಚ್ಚುಗಾರಿಕೆ ಅಂದುಕೊಂಡಿದ್ದೆ. ಶಿವ ಕೈ ಹಿಡಿದು ನಡೆಸುತ್ತಿದ್ದ ಅಂತ ಈಗ ಅನ್ನಿಸುತ್ತೆ.

ನಾಲ್ಕನೆಯದು ಪಾವಗಡದಲ್ಲಿ, ತೆಲುಗು ಮಾತೇ ಹೆಚ್ಚಿರೋ ಊರು. ಆ ಮಳಿಗೆಗೆ ಅವಳು ಒಡವೆ ಇಟ್ಟಿದ್ದಳು, ಮೈದುನನ ಮಾತನ್ನೂ ಮೀರಿದ್ದಳು. "ಇದು ಕೂತ್ಕೊಂಡ್ರೆ ನಾನು ಗೆದ್ದೆ, ಇಲ್ದಿದ್ರೆ ಮತ್ತೆ ಗಾಡಿ ತಳ್ಳಬೇಕು ಅಷ್ಟೇಯ" ಅಂದಿದ್ದಳು. ಸೋಮವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯೋದು ಅಂತಾಯಿತು. ಭಾನುವಾರ ಎರಡರಷ್ಟು ಪುಡಿ ಮಾಡಬೇಕಾಗಿ ಬಂದು, ನಮ್ಮ ಬೀದಿಯ ಹೆಂಗಸೊಬ್ಬಳನ್ನ ಹುರಿಯೋಕೆ ಕರೆದಿದ್ದೆ. ಸಂಜೆ ಬಸ್ಸಿಗೆ ನಾಲ್ಕು ಊರಿಗೂ ಚೀಲ ಹೋದವು. ಒಂದಿಷ್ಟು ಪುಡಿ ಮನೆಯ ಡಬ್ಬದಲ್ಲಿ ಉಳಿದಿತ್ತು.

ಸೋಮವಾರ ಏಳೂಕಾಲಿಗೆ ಅವಳ ಫೋನು. ನಾನಿನ್ನೂ ಸ್ನಾನ ಮುಗಿಸಿ ಬಿಲ್ವಪತ್ರೆ ತೊಳೆಯುತ್ತಿದ್ದೆ. ಅವಳ ಮಾತಿನ ಹಿಂದೆ ಗಲಾಟೆ, ಅದರ ನಡುವೆ ಯಾರೋ ಗಂಡಸಿನ ದನಿ: "ಏಮಮ್ಮಾ ಇದಿ, ಉಪ್ಪು ಕಷಾಯಮಾ?" ಸುತ್ತ ಇದ್ದವರೆಲ್ಲ ನಕ್ಕಿದ್ದು ಕೇಳಿಸಿತು.

"ಅಕ್ಕ, ಇಲ್ಲಿ ಸಾರು ಬಾಯಿಗಿಡೋ ಹಂಗಿಲ್ಲ. ಇಲ್ಲಿನ ಅಡುಗೆಯೋರು ಉಪ್ಪು ಸುರಿದವ್ರೋ, ಪುಡಿಯೇ ಹಂಗದೆಯೋ ಗೊತ್ತಾಗ್ಬೇಕು. ಮನೇಲಿರೋದನ್ನ ಒಂಚೂರು ನಾಲಿಗೆ ಮೇಲೆ ಹಾಕಿ ನೋಡು. ಮಿಕ್ಕ ಮೂರು ಕಡೆ ಎಂಟಕ್ಕೆ ಬಾಗಿಲು ತೆಗೀತಾರೆ."

"ಇನ್ನೂ ಪೂಜೆ ಆಗಿಲ್ಲ ಕಣೆ."

ಅವಳು ರೇಗಬಹುದಿತ್ತು. ಯಾರಾದರೂ ರೇಗುತ್ತಿದ್ದರು. ಇವಳು, "ಆಯ್ತು, ಪೂಜೆ ಮಾಡ್ಬುಟ್ಟೇ ನೋಡು. ನಾನು ಫೋನು ಇಡಲ್ಲ, ಕಾಯ್ತೀನಿ" ಅಂದಳು.

ಸೋಮವಾರದ ಪೂಜೆ ಅಂದರೆ ನನಗೆ ಮುಕ್ಕಾಲು ಗಂಟೆ. ಫೋನನ್ನ ಒರಳಿನ ಮೇಲಿಟ್ಟು ನಿಂತೆ. ಆ ಕಡೆ ಅವಳು ಜನರಿಗೆ ಹೇಳುತ್ತಿದ್ದದ್ದು ಕೇಳುತ್ತಿತ್ತು. "ಸಾರು ಕೆಟ್ಟದೆ, ತಪ್ಪು ನಮ್ದೇ. ರೊಟ್ಟಿ ಜೊತೆ ಮಜ್ಜಿಗೆ ಕುಡೀರಿ. ಸಾರಿಗೆ ನಾಳೆ ಬನ್ನಿ." ತೆರೆದ ದಿನವೇ ತನ್ನ ಅಡುಗೆ ಕೆಟ್ಟಿದೆ ಅಂತ ಬೀದಿಯಲ್ಲಿ ನಿಂತು ಹೇಳೋಕೆ ಎಷ್ಟು ಎದೆ ಬೇಕು.

ದೀಪ ಹಚ್ಚಿರಲಿಲ್ಲ, ಹೂವು ಏರಿಸಿರಲಿಲ್ಲ. ಒಂದು ಚಿಟಿಕೆ ಪುಡಿಯನ್ನ ಒದ್ದೆ ಬಿಲ್ವದೆಲೆ ಮೇಲಿಟ್ಟು ಶಿವನ ಮುಂದೆ ಹಿಡಿದೆ. 'ಇವತ್ತು ಇಷ್ಟೇ ತಂದೆ, ಅಲ್ಲಿ ನನ್ನ ತಂಗಿ ನಿಂತವಳೆ' ಅಂದೆ. ಆಮೇಲೆ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು, ಅಷ್ಟು ಉಪ್ಪು.

"ಪುಡಿಯೇ ಕಣೆ. ಉಪ್ಪು ಎರಡು ಸಲ ಬಿದ್ದೈತೆ" ಅಂದೆ.

ಪಟ್ಟನೆ ದಾರಿ ಹುಡುಕಿದಳು. ಮೂರು ಅಂಗಡಿಗೂ ಫೋನು ಮಾಡಿ, ಪುಡಿ ಅರ್ಧಕ್ಕರ್ಧ ಕಡಿಮೆ ಮಾಡಿ, ಬೆಂದ ಹುರುಳಿಯನ್ನ ರುಬ್ಬಿ ಸೇರಿಸಿ, ಖಾರದ ಪುಡಿ, ಹುಳಿ ಹಾಕಿ ಅಂತ ಹೇಳಿದಳು. ಅಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಹುರಿಯೋಕೆ ಬಂದಿದ್ದ ಹೆಂಗಸನ್ನ ಕೇಳಿದೆ. ಉಪ್ಪನ್ನೂ ಹುರಿದು ಅವಳೇ ಬೆರೆಸಿದ್ದಳು. ನೋಡದೆ ನಾನೂ ಹಾಕಿದ್ದೆ. "ರುಚಿ ನೋಡಿದ್ರೆ ನೀವು ಬೈತೀರ ಅಂತ ಬಾಯಿಗೆ ಹಾಕ್ಲಿಲ್ಲ ಕಣಮ್ಮ" ಅಂದಳು. ಏನು ಬೈಯಲಿ ಅವಳನ್ನ.

ಸಂಜೆ ವಾರಗಿತ್ತಿ ಬಂದಾಗ ನಾನೇ ಬಾಯಿಬಿಟ್ಟೆ. "ಪುಡೀನ ಮಿಲ್ಲಿಗೆ ಕೊಟ್ಬುಡು. ಮಿಷನ್ನಿಗೆ ಪೂಜೆ ಪುನಸ್ಕಾರ ಇರಲ್ಲ."

ಕಾಲು ತೊಳೆದು ಬಂದು ಕೂತು ಕೇಳಿದಳು: "ಸೋಮವಾರ ನಿನ್ನ ಪೂಜೆ ಎಷ್ಟೊತ್ತಿಗೆ ಮುಗಿಯುತ್ತೆ?"

"ಎಂಟು."

"ಹಂಗಾದ್ರೆ ಪುಡಿ ಒಂಬತ್ತರ ಬಸ್ಸಿಗೆ. ಅಂಗಡೀಲಿ ಒಂದು ದಿನದ್ದು ಹೆಚ್ಚಿಗೆ ಇಟ್ಕೊಂಡಿರೋಣ. ಮೊದಲು ಶಿವ ಉಣ್ಣಲಿ, ಆಮೇಲೆ ನೀನು ನೋಡು, ಅದಾದ್ಮೇಲೆ ಬಸ್ಸು ಹೊರಡಲಿ. ಮಿಲ್ಲಿನ ಮಾತು ಇನ್ನೊಂದ್ಸಲ ಆಡಿದ್ರೆ ನೋಡು." ಒಡವೆಯ ಮಾತನ್ನ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪಾವಗಡದಲ್ಲಿ ಮಾರನೆ ದಿನ ಜನ ಅರ್ಧಕ್ಕಿಳಿದಿದ್ದರಂತೆ. ಬುಧವಾರ ಮನಸ್ಸು ತಡೆಯದೆ ನಾನೇ ಒಂಬತ್ತರ ಬಸ್ಸು ಹತ್ತಿದೆ, ಪುಡಿಯ ಚೀಲ ತೊಡೆ ಮೇಲಿಟ್ಟುಕೊಂಡು. ಅಂಗಡಿಯಲ್ಲಿ ಸೌಟು ಕೈಗೆ ತಗೊಂಡು ಒಬ್ಬೊಬ್ಬರ ಲೋಟಕ್ಕೂ ನಾನೇ ಹುಯ್ದೆ, ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾರೂ ಏನೂ ಹೇಳಲಿಲ್ಲ, ಕುಡಿದು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನರ್ಸಿನ ಬಟ್ಟೆಯಲ್ಲಿದ್ದ ಒಬ್ಬಾಕೆ ಖಾಲಿ ಲೋಟ ನನ್ನ ಮುಂದೆ ಚಾಚಿದಳು.

"ಇಂಕೊಂಚೆಂ ಪೊಯ್ಯಮ್ಮಾ."

ನನಗೆ ತೆಲುಗು ಬರೋದಿಲ್ಲ. ಲೋಟ ತುಂಬ ಹುಯ್ದೆ.